ಒಂದೇ ಒಂದು ಎಂಟು

ಮೊದಲ ವರ್ಷ ನಮ್ಮ ಬಳಿ ಎಂಟು ಒಂದೇ ಇತ್ತು.
ತಗಡಿನ ಅಂಕಿಗಳನ್ನು ಯಾವುದೋ ಮುಚ್ಚಿದ ಶಾಲೆಯಿಂದ
ತೂಕಕ್ಕೆ ಕೊಂಡು ತಂದಿದ್ದರು. ಸೊನ್ನೆ ಬೇಕಾದಷ್ಟು,
ಒಂದು, ಎರಡು ಧಾರಾಳ; ಆರು ಸಾಲದೆ ಬಂದರೆ
ಒಂಬತ್ತನ್ನು ತಲೆಕೆಳಗು ತೂಗುಹಾಕು ಎಂದರು.
ಎಂಟನ್ನು ಹೇಗೆ ತಿರುಗಿಸಿದರೂ ಎಂಟೇ.

ಗ್ಯಾಲ್ಟನ್ ಫೆರಿ, ಇಲಿನಾಯ್. ಅಂಗಿಗುಂಡಿಯ ಊರು.
ಅಪ್ಪ ಹೊಳೆಯ ಕಪ್ಪೆಚಿಪ್ಪು ಕೊರೆದ, ನಾನು ಪ್ಲಾಸ್ಟಿಕ್ ಅಚ್ಚೊತ್ತಿದೆ,
ಆಮೇಲೆ ಕಾರ್ಖಾನೆಗೆ ಬೀಗ ಬಿತ್ತು, ಬೇಸ್‌ಬಾಲ್ ಬಂತು:
ಗ್ಯಾಲ್ಟನ್ ಫೆರಿ ಬಟನ್ಸ್!
ಹುಡುಗರ ಅಂಗಿ ಸೆಕೆಂಡ್ ಹ್ಯಾಂಡ್, ತಲೆಯ ಮೇಲಿಂದ ತೊಡುವಂಥದು,
ಒಂದಕ್ಕೂ ಗುಂಡಿಯಿರಲಿಲ್ಲ.
ಗುಂಡಿಗಳೆಲ್ಲ ಮೈದಾನದಲ್ಲಿದ್ದವು.

ಸ್ವತಂತ್ರ ಲೀಗ್ ಅಂದರೇನು ಎಂದು ಕೇಳಿದೆ ಒಮ್ಮೆ.
ಟ್ರ್ಯಾಕ್ಟರ್ ಟಯರ್ ಮಾರುವ ಡೆಲ್ಮರ್ ವಾಸ್, ತಂಡದ ಧಣಿ,
ಟೋಪಿ ತೆಗೆದು ತಲೆ ಕೆರೆದ: ನಮ್ಮ ಮೇಲೆ ದೊಡ್ಡವರು ಯಾರೂ ಇಲ್ಲ.
ಜೂನ್ ಹದಿನೈದಕ್ಕೆ ಸಂಬಳದ ಚೆಕ್ಕು ಹಿಂದಿರುಗಿ ಬಂದಾಗ
ಹುಡುಗರಿಗೂ ಅದರ ಅರ್ಥವಾಯಿತು.

ಎಲ್ಲರೂ ಎಲ್ಲಿಂದಲೋ ಬೇಡವಾಗಿ ಬಂದವರು.
ಥ್ಯಾಡ್ ಲಿಂಡ್‌ಗ್ರೆನ್ ಬೆಳಗ್ಗೆ ಜೋಳದ ಸೈಲೊದಲ್ಲಿ ಮೂಟೆ ಹೊತ್ತು
ಸಂಜೆ ಎಡ ಮೂಲೆಯಲ್ಲಿ ಸೀನುತ್ತ ನಿಲ್ಲುತ್ತಿದ್ದ.
ಡೊಮಿನಿಕನ್ ದ್ವೀಪದ ಎಲಾಡಿಯೊ ಕೆಸಾಡಾ
ವಿಲ್ಮಾ ಪ್ರೊಹಾಸ್ಕಾಳ ನೆಲಮಾಳಿಗೆಯಲ್ಲಿ ಮಲಗುತ್ತಿದ್ದ.
ಅವಳು ಅವನಿಗಾಗಿ ಕಪ್ಪು ಅವರೆ ಬೇಯಿಸುವುದು ಕಲಿತಳು,
ಮೂರು ವರ್ಷ ಉಪ್ಪು ಮಾತ್ರ ಹದಕ್ಕೆ ಬರಲಿಲ್ಲ.
ಅವನು ಬಡಿಸಿದ್ದೆಲ್ಲ ಉಂಡ.

ಮೊದಲ ವರ್ಷ ಗೆದ್ದದ್ದು ಇಪ್ಪತ್ತಮೂರು, ಸೋತದ್ದು ಅರವತ್ತೊಂದು.
ಎರಡನೆಯದು ಹೇಳುವುದು ಬೇಡ.
ಇಂದಿನ ಪ್ರೇಕ್ಷಕರು ಸಾವಿರದ ನೂರು ಎಂದು ಮೈಕು ಕೂಗುತ್ತಿತ್ತು,
ಅದು ಕಾಗೆ ಲೆಕ್ಕ. ಬೋರ್ಡಿನ ಕಿಂಡಿಯಿಂದ ನಾನು ಎಣಿಸುತ್ತಿದ್ದೆ:
ನೂರಾ ನಲವತ್ತು, ಒಂದು ನಾಯಿ.
ನಾಯಿಯ ಹೆಸರು ನನಗೆ ಗೊತ್ತಿತ್ತು.

ಮೂರನೆಯ ಆಗಸ್ಟ್. ಒಂಬತ್ತು ಇನಿಂಗ್ಸ್ ಮುಗಿದಾಗ ಎಂಟು–ಎಂಟು.
ಈ ಆಟದಲ್ಲಿ ಡ್ರಾ ಎಂಬುದಿಲ್ಲ, ಯಾರಾದರೂ ಸೋಲಲೇಬೇಕು.
ತಗಡಿನ ಎಂಟನ್ನು ಬಂದ ಅತಿಥಿಗಳಿಗೆ ಕೊಟ್ಟೆ,
ನಮಗೆ ಸೊನ್ನೆಯ ಕೆಳಗೆ ಇನ್ನೊಂದು ಸೊನ್ನೆ ಹೊಡೆದೆ,
ಬರವಿರಲಿಲ್ಲವಲ್ಲ. ಉದ್ದಕ್ಕೆ ಜೋತುಬಿದ್ದ ಆ ಎಂಟು
ಗಾಳಿಗೆ ನಡುವಿನಲ್ಲಿ ಕೀರಲುತ್ತಿತ್ತು.
ಹತ್ತರ ಆಚೆ ಬೋರ್ಡಿನಲ್ಲಿ ಮನೆಗಳಿಲ್ಲ; ಹಲಗೆಯ ಅಂಚಿಗೆ
ಸೀಮೆಸುಣ್ಣದಲ್ಲಿ ಬರೆಯುತ್ತ ಹೋದೆ. ಹೊಳೆಯ ಮಂಜು
ದೀಪದ ಕಂಬಗಳ ಮೊಣಕಾಲಿಗೆ ಬಂತು.

ಹದಿನಾರನೆಯದರಲ್ಲಿ ಬ್ಯಾಟ್ ಹಿಡಿಯಲು ಯಾರೂ ಉಳಿದಿರಲಿಲ್ಲ.
ಆರು ಇನಿಂಗ್ಸ್ ಎಸೆದು ದಣಿದ ಎಲಾಡಿಯೊ ಬಂದ,
ಥ್ಯಾಡ್‌ನ ಹೆಲ್ಮೆಟ್ಟು ಕಣ್ಣಿಗೆ ಜಾರುತ್ತಿತ್ತು.
ಹೊಡೆದದ್ದಲ್ಲ, ತಾಗಿದ್ದು. ಚೆಂಡು ಎಡ ಮೂಲೆಗೆ ಉರುಳಿತು,
ಅತಿಥಿಯೊಬ್ಬ ಓಡಿ ಬಂದ, ಬಾಗಿದ,
ಸೊಂಟದವರೆಗೆ ಮಾಯವಾದ.
ಮೂರು ವರ್ಷ ಮುಚ್ಚಿ ಮುಚ್ಚಿ ಎಂದು ಬೈಸಿಕೊಂಡ ಗುಂಡಿ!
ಥ್ಯಾಡ್ ಮೂರನೇ ಬೇಸಿನಿಂದ ನಡೆದೇ ಬಂದ, ಸೀನುತ್ತ.

ಆ ಗೆಲುವಿನಿಂದ ನಾವು ಆರನೆಯ ಸ್ಥಾನದಿಂದ
ಆರನೆಯ ಸ್ಥಾನಕ್ಕೇ ಬಂದೆವು.

ವಾರದೊಳಗೆ ಎಲಾಡಿಯೊನನ್ನು ಟೆಕ್ಸಸ್ಸಿನ ತಂಡಕ್ಕೆ ಕೊಟ್ಟರು,
ಬದಲಿಗೆ ಬಂದದ್ದು ಎರಡು ಡಜನ್ ಬ್ಯಾಟು. ಒಳ್ಳೆಯ ಬ್ಯಾಟುಗಳೇ.
ವಿಲ್ಮಾ ಒಂದನ್ನು ಕೇಳಿ ಪಡೆದು ಬಾಗಿಲ ಹಿಂದೆ ನಿಲ್ಲಿಸಿದಳು,
ಕಳ್ಳರಿಗೆ ಎಂದಳು.

ನಾಲ್ಕನೆಯ ವಸಂತಕ್ಕೆ ವಿದ್ಯುತ್ ಬೋರ್ಡು ಬಂತು,
ಎಂಟು ಬೇಕೆಂದರೆ ಎಷ್ಟು ಬೇಕಾದರೂ.
ಹಳೆಯ ತಗಡನ್ನು ಗೇಟಿಗೆ ಕಟ್ಟಿದ್ದೇನೆ.
ಹೊಸ ಅಂಚೆಯವ ದಿನವೂ ಗೊಂದಲಗೊಳ್ಳುತ್ತಾನೆ:
ನನ್ನ ಮನೆಯ ನಂಬರ್ ನಲವತ್ತೊಂದು.